ಎರಿ ಮ್ಯಾಲಿನ ಮನಿ

ಕಾಮಣ್ಣನ ಬೂದಿ ಆರಿತ್ತು, ರಂಗಪಂಚಮಿ ಮುಗಿದಿತ್ತು.
ನಮ್ಮ ಕಂಪೌಂಡಿನ ಮ್ಯಾಲೆ ಯಾರದೋ ಅಂಗೈ
ಗುಲಾಬಿ ಬಣ್ಣದಾಗ ಐದೂ ಬೆರಳು ಊರಿ ಹೋಗಿತ್ತು.
ಯುಗಾದಿಗೆ ಇನ್ನ ಒಂಬತ್ತು ದಿನ.

ಮೂವತ್ತೊಂದು ವರ್ಷ, ಗದಗ ರೋಡಿನ ಕ್ವಾರ್ಟರ್ಸಿನಾಗ,
ಮನಿ ಅಂದ್ರ ಒಂದು ದೂರಿನ ಪುಸ್ತಕ.
ನಳ ಸೋರಿದ್ರ ಬರಿ. ಹಂಚು ಸರದ್ರ ಬರಿ.
ಬಾಗಲಾ ಉಬ್ಬಿ ಕೂಡದಿದ್ರ ಬರಿ,
ಮುಂದ ರೇಲ್ವೆದವರ ಚಿತ್ತ.
ಮೂರು ವರ್ಷಕ್ಕೊಮ್ಮೆ ಸುಣ್ಣದವರು ಬರತಿದ್ರು,
ಹೇಳದ ಕೇಳದ, ಕದಾ ಬಡಿದು,
ಅದೇ ಹಳದಿ.
ಎಲ್ಲಾ ಸಾಲಿಗೂ ಅದೇ ಹಳದಿ.

ಈಗ ಬೆಂಗೇರಿ ದಾಟಿ ನಮ್ಮದೊಂದು ಮೂವತ್ತು ನಲವತ್ತು.
ಕಡ್ಲಿ ಬೆಳೀತಿದ್ದ ಎರಿ ಹೊಲ,
ಕಲ್ಲು ನೆಟ್ಟು ಪ್ಲಾಟ್ ಮಾಡ್ಯಾರ.
ಬರಿಯಾಕ ಪುಸ್ತಕ ಇಲ್ಲ.
ನಾ ದೂರಿದ್ರ ಇವರು ಕೇಳಬೇಕು,
ಇವರು ದೂರಿದ್ರ ನಾನು.

ಮೊದಲು ನೆಲದ ಟಾಕಿ.
ನೀರು ಬರೂದು ಎಂಟು ದಿನಕ್ಕೊಮ್ಮೆ,
ಬರೂ ಹಿಂದಿನ ದಿನ ತಳ ಕಾಣತೈತಿ, ಆವತ್ತೇ ತಿಕ್ಕಬೇಕು.
ನಾನೇ ಇಳಿದೆ. ಇವರ ಹೊಟ್ಟಿ ಆ ಬಾಯಾಗ ಹಿಡಿಯಂಗಿಲ್ಲ.
ಒಳಗ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು:
"ಬಕೀಟು ಬಿಡ್ರಿ!"
ಮ್ಯಾಲೆ ಚೌಕ ಆಕಾಶ, ಅದರ ನಡುವ ಇವರ ಮೂಗು.
ಎರಡು ಬುಟ್ಟಿ ರಾಡಿ. ಒಂದು ಚಮಚ, ಯಾವಾಗ ಬಿದ್ದಿತ್ತೋ.

ಆಮ್ಯಾಲೆ ಕೂಲರಿನ ಹುಲ್ಲು ಬದಲಿಸಿ,
ಕಿಡಕಿ ಜಾಳಗಿ ಕಳಚಿ ಒಗದು,
ಒಲಿ ಕಟ್ಟಿ ಜಿಡ್ಡಿಗೆ ಸೋಡಾ ಹಚ್ಚಿ,
ದೇವರ ಕ್ವಾಣಿ ಖಾಲಿ ಮಾಡೂವಾಗ
ಕಂಡಿತು.
ಮೂಲ್ಯಾಗ, ಕ್ಯಾಲೆಂಡರಿನ ಹಿಂದ,
ನನ್ನ ಹಿಮ್ಮಡ ಒಡದಂಗ ಗ್ವಾಡಿ ಒಡದಿತ್ತು.

ನಾ ಅಳಲಿಲ್ಲ. ಸುಳ್ಳು ಯಾಕ, ಸ್ವಲ್ಪ ಅತ್ತೆ.
ಪಿಎಫ್ ರೊಕ್ಕ, ನನ್ನ ಎರಡು ಪಾಟಲಿ,
ಎಲ್ಲಾ ಆ ಗ್ವಾಡ್ಯಾಗ ಹೋಗಿದ್ವು.
ಬಿಲ್ಡರ್ ಫೋನ್ ಎತ್ತಲಿಲ್ಲ.
ಇವರು ಟ್ರಂಕಿನಿಂದ ಗೇಜು ತಂದ್ರು,
ವರ್ಕ್‌ಶಾಪಿನಾಗ ಸಂದು ಅಳೀತಿದ್ದದ್ದು,
ತೆಳು ತಗಡಿನ ಎಲಿಗಳ ಬೀಸಣಿಗಿ.
ಒಂದೊಂದೇ ಎಲಿ ತೂರಿಸಿ, ಕಣ್ಣು ಸಣ್ಣ ಮಾಡಿ,
"ಎರಡು ಮಿಲಿ. ಮ್ಯಾಲೊಂದು ಕೂದಲು" ಅಂದ್ರು,
ಮದ್ದು ಸಿಕ್ಕವರಂಗ.

ಗೌಂಡಿ ಹಟೇಲಸಾಬ ಬಂದ.
ಬಿರುಕು ನೋಡಲಿಲ್ಲ. ಹಿತ್ತಲಕ್ಕ ಹೋಗಿ ನೆಲ ನೋಡಿದ.
ಅಲ್ಲಿ ಎರಿ ಬಾಯಿ ಬಿಟ್ಟಿತ್ತು,
ಸೌಟು ಹಿಡಿಕಿ ತನಕ ಇಳಿಯುವಷ್ಟು.
"ಅಕ್ಕಾರ, ಇದು ಗ್ವಾಡಿದಲ್ಲ, ಭೂಮಿದು.
ಬಿಸಲಿಗೆ ಸೊರಗತೈತಿ, ಮಳಿಗೆ ಉಬ್ಬತೈತಿ,
ನಿಮ್ಮನಿ ಅದರ ಬೆನ್ನ ಮ್ಯಾಲೆ ಕುಂತೈತಿ.
ಈಗ ಸಿಮೆಂಟ್ ಜಡದ್ರ ಶ್ರಾವಣದಾಗ
ಕೂಡಾಕ ಜಾಗ ಸಿಗದ ಇನ್ನೊಂದು ಕಡೆ ಒಡೀತೈತಿ."
"ಹಂಗಾರ ಏನ್ ಮಾಡೂದು?"
"ಬಚ್ಚಲ ನೀರು ಬುಡಕ ಬಿಡಬ್ಯಾಡ್ರಿ.
ಉಳಿದದ್ದು, ನೋಡ್ಕೋತ ಇರ್ರಿ."
ಇಷ್ಟು ಹೇಳಾಕ ನೂರು ರೂಪಾಯಿ ತಗೊಂಡ.
ಚಾ ಬ್ಯಾರೆ.

ಬಣ್ಣ ನಾನೇ ಆರಿಸಿದೆ. ಹಳದಿ ಅಲ್ಲ.
ಕಂಪೌಂಡಿಗೆ ಎರಡು ಕೋಟ್ ಹೊಡದ್ರೂ
ಆ ಗುಲಾಬಿ ಕೈ ಮತ್ತ ಮ್ಯಾಲೆ ತೇಲಿ ಬಂತು.
ಒಳಗ ಆ ಮೂಲಿ ಮಾತ್ರ, ಒಂದು ಗೇಣು ಅಗಲ,
ಬಣ್ಣ ಇಲ್ಲದ ಬಿಟ್ವಿ.
ಹಬ್ಬಕ್ಕ ಬೇವು ಬೆಲ್ಲ ತಿನ್ನಾಕ ಬಂದ ಕಸ್ತೂರಕ್ಕ
"ಡಬ್ಬಿ ತೀರಿತೇನ?" ಅಂದಳು.

ಆ ಗೇಣು ಜಾಗದಾಗ ಇವರು ಪೆನ್ಸಿಲ್ಲಿನಿಂದ
ತಾರೀಖು ಹಾಕಿ ಬರೀತಾರ, ಹಳೇ ರೂಢಿ.
ಯುಗಾದಿ: ಎರಡು ಮಿಲಿ, ಒಂದು ಕೂದಲು.
ರೋಹಿಣಿ: ಮೂರು.
ಆರಿದ್ರಾ ಮಳಿ ಹೊಡದ ವಾರ: ಒಂದು.
ಮಗಿ ಮಳ್ಯಾಗ ಎಲ್ಲಾಕ್ಕಿಂತ ತೆಳು ಎಲಿ ತೂರಿಸಿದ್ರು,
ಹೋಗಲಿಲ್ಲ.
"ಬಂದ್" ಅಂತ ಬರದು ಕೆಳಗ ಸಹಿ ಎಳದ್ರು,
ನೌಕರಿ ಸಹಿ, ಉದ್ದ ಬಾಲದ್ದು.

ನಾ ಅಂದೆ, ಕಾಮಣ್ಣ ಬರಲಿ, ಮತ್ತ ತೆರೀತೈತಿ.
ಇಷ್ಟು ದೊಡ್ಡ ಸಹಿ ಯಾಕ?
ಸಣ್ಣಗ ಬರೀರಿ,
ಕೆಳಗ ಜಾಗ ಬಿಟ್ಟು.