ಎಡಕ್ಕ ಎಳಿಯೂ ಗಾಡಿ

"ಎಡಕ್ಕ ಎಳೀತದ" ಅಂದೆ.
ಮಕ್ತುಂಸಾಬ ಮಾತಾಡಲಿಲ್ಲ.
ಮುಂದಿನ ಗಾಲಿ ಜಾಕಿನ ಮ್ಯಾಲೆತ್ತಿ
ಎರಡs ಬೆರಳಿಲೆ ಹ್ಯಾಂಡಲ್ ತಿರುವಿದ.
ನಡುವಿಗೆ ಬಂದು ಕಟಕ್ ಅಂತ ನಿಂತಿತು.

"ಕೇಳಿತಿಲ್ಲೋ?"

ಗುಂಡು ಕೂತು ಕೂತು ಬೇರಿಂಗಿನ ಬಟ್ಟಲಾ ತಗ್ಗು ಬಿದ್ದಿತ್ತು.
ಫೋರ್ಕಿನ ಸಂದ್ಯಾಗ
ಹ್ವಾದ ಮಳಿಗಾಲದ ಎರಿಮಣ್ಣು, ಇಟ್ಟಂಗಿಯಂಗ.
ಬೆಟಗೇರಿಯ ಸೀರಿಗಂಟು ಹೇರಿಕೊಂಡು
ಎರಡು ವರ್ಷ ಇದನ್ನ
ಬಲಕ್ಕ ಜಗ್ಗಿಕೋತs ಓಡಿಸೀನಿ.

ಹೊಸ ಬಟ್ಟಲು. ಬೊಗಸಿ ಗ್ರೀಸು.
ನಟ್ಟು ಬಿಗಿದು, ಕೂದಲೆಳಿಯಷ್ಟು ಸಡಿಲ.
"ಹೋಗು, ಕೈ ಬಿಟ್ಟು ನೋಡು."

ಮುಳಗುಂದ ನಾಕಾದಾಗ ಎರಡು ಕಂಬದ ತನಕ
ನೂಲು ಹಿಡಿದಂಗ ಹೋತು.
ಕೈ ಇಟ್ಟೆ ನೋಡು,
ಸೀದಾ ಡಿವೈಡರಿಗೆ!

ಹೊಳ್ಳಿ ಬಂದೆ.
ಇಲ್ಲದ ಎಳೆತಕ್ಕ ಇನ್ನೂ ಜಗ್ಗೂ ನನ್ನ ತೋಳು
ಒಮ್ಮೆ ಮುಟ್ಟಿ ನೋಡಿದ ಮಕ್ತುಂಸಾಬ.
ಬಿಲ್ಲಿನ್ಯಾಗ
ಬೇರಿಂಗ್ ಅಷ್ಟs ಬರದ.