ಪಟ್ಟಿಯಲ್ಲಿರದ ಸೀಸೆ

ಮೊದಲ ದಿನ ನೆರಿಸ್ ನನ್ನ ಕೈಗೆ ಕೊಟ್ಟದ್ದು
ಬೀಗದ ಕೈಯಲ್ಲ, ಒಂದು ತಟ್ಟೆ.
"ಎಣಿಸು, ಗೆಥಿನ್" ಅಂದಳು.
ಪುಟ್ಟ ಚಾಕುಗಳು. ಮೂವತ್ತು ಇರಬೇಕು.
ಕುರಿಯ ಹೃದಯ ಸೀಳಿ ನೋಡಿದ ಒಂಬತ್ತನೇ ತರಗತಿ
ಇಪ್ಪತ್ತೊಂಬತ್ತು ವಾಪಸು ಕೊಟ್ಟಿತ್ತು.
ಊಟದ ಗಂಟೆ ಹೊಡೆಯಿತು. ಮೇಷ್ಟ್ರು ಗಡಿಯಾರ ನೋಡಿದರು.
ನೆರಿಸ್ ಬಾಗಿಲಿಗೆ ಅಡ್ಡ ಸ್ಟೂಲು ಎಳೆದು ಕೂತಳು,
ಸಂಜೆತನಕ ಕೂರಬಲ್ಲವಳ ಹಾಗೆ.
ಮೂವತ್ತನೆಯದು ಸಿಂಕಿನ ಜಾಲರಿಯಲ್ಲಿ ಸಿಕ್ಕಿತು.
ಯಾರನ್ನೂ ಬೈಯಲಿಲ್ಲ. ತಟ್ಟೆ ಒರೆಸಿದಳು.

ವೇಲ್ಸಿನ ಈ ಊರು ಸ್ಲೇಟಿನ ಊರು.
ಮನೆಯ ಸೂರು, ಗೋರಿಯ ಕಲ್ಲು, ಬೇಲಿ, ಎಲ್ಲ ಸ್ಲೇಟು;
ಬೆಟ್ಟದ ಅರ್ಧ ಸೀಳಿ ಮಾರಿದ ಮೇಲೆ
ಉಳಿದ ಚೂರಿನ ರಾಶಿ
ಶಾಲೆಯ ಕಿಟಕಿತನಕ ಬಂದು ನಿಂತಿದೆ.
ನೆರಿಸಳ ಅಜ್ಜ ಗಣಿಯಲ್ಲಿ ಮದ್ದು ತುಂಬುವವನು.
ಏಳೇ ಬೆರಳಲ್ಲಿ ಲೆಕ್ಕ ಕಲಿಸಿದನಂತೆ,
ಅದಕ್ಕೇ ನಾನು ಎರಡು ಸಲ ಎಣಿಸುವುದು, ಎನ್ನುತ್ತಿದ್ದಳು.

ಕಲಿತೆ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ.
ಸೋಡಿಯಂ ಎಣ್ಣೆಯಲ್ಲಿ ಮುಳುಗಿದೆಯೇ ನೋಡು.
ಕಣ್ಣು ತೊಳೆಯುವ ನಲ್ಲಿಯನ್ನು ಸೋಮವಾರ ಹರಿಯಬಿಡು,
ತುಕ್ಕುನೀರು ಹೋಗಲಿ; ಉರಿಯುವ ಕಣ್ಣು ಕಾಯುವುದಿಲ್ಲ.
ಎಲ್ಲ ಪಟ್ಟಿಯಲ್ಲಿತ್ತು,
ಪ್ಲಾಸ್ಟಿಕ್ ಹೊದೆಸಿ ಬಾಗಿಲಿಗೆ ಅಂಟಿಸಿದ್ದು.
ಸೊಂಟದ ಕೀಲು ಬದಲಿಸಿಕೊಳ್ಳಲು ಅವಳು ಹೋದ ಹನ್ನೊಂದು ವಾರ
ಆ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದೆ.

ಊರುಗೋಲು ಹಿಡಿದು ಬಂದಳು. ಕೋಟು ಕಳಚದೆ
ಒಳಗಿನ ಕಪಾಟು ತೆರೆದಳು.
ಆಮೇಲೆ ಅಲುಗಲಿಲ್ಲ.
"ನೀರು ಹಾಕಿದೆಯಾ?"
"ಯಾವುದಕ್ಕೆ?"

ಕೆಳಗಿನ ಅಂತಸ್ತಿನ ಮೂಲೆಯಲ್ಲಿ, ನನಗಿಂತ ಹಳೆಯ ಸೀಸೆ.
ಪಿಕ್ರಿಕ್ ಆಮ್ಲ. ಒದ್ದೆಯಿರುವಷ್ಟು ದಿನ ಸಾಧು.
ಒಣಗಿತೋ, ಮುಚ್ಚಳ ತಿರುಗಿಸಿದ ಉಜ್ಜಾಟವೇ ಸಾಕು.
ಮುಚ್ಚಳದ ಸುತ್ತ ಹಳದಿ ಹರಳು,
ನಿದ್ದೆಗಣ್ಣಿನ ಪಿಸುರಿನಂತೆ.

ಕಪಾಟಿನ ಬಾಗಿಲು ಮುಚ್ಚಲಿಲ್ಲ;
ಮುಚ್ಚಿದರೆ ತಗಲುತ್ತದಲ್ಲ.
ಊರುಗೋಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದು
ಹಿಂದೆ ಹಿಂದೆ ಬಂದಳು, ಹೊಸ ಕೀಲಿನ ಮೇಲೆ.
ಹೊರಬಾಗಿಲಿಗೆ ಬೀಗ. ಆಮೇಲೆ ಗಂಟೆ. ಆಮೇಲೆ ಫೋನು.

ಸೇನೆಯ ಇಬ್ಬರು ಅದನ್ನು ಕೂಸಿನ ಹಾಗೆ ಹೊತ್ತು ಒಯ್ದರು,
ರಗ್ಬಿ ಮೈದಾನದ ತುದಿಗೆ, ಗುಂಡಿಗೆ, ಮರಳಿನ ಚೀಲಗಳ ನಡುವೆ.
ಸದ್ದು ಒಂದೇ. ಸ್ಲೇಟಿನ ರಾಶಿ ಅದನ್ನು ಮೂರು ಸಲ ಹೇಳಿತು.
ರಸ್ತೆಯಾಚೆ ಚರ್ಚಿನ ಅಂಗಳದಲ್ಲಿ ಆರುನೂರು ಮಕ್ಕಳು ಕೇಕೆ ಹಾಕಿದರು.
ನಾನು ಎಣಿಸುತ್ತಿದ್ದೆ:
ಕೈತುಂಬ ಸಾಮಾನು ಹಿಡಿದು, ಈ ಹನ್ನೊಂದು ವಾರ,
ಎಷ್ಟು ಸಲ ಆ ಕಪಾಟನ್ನು ಮೊಣಕಾಲಿನಿಂದ ಗುದ್ದಿ ಮುಚ್ಚಿದ್ದೆ?

ಸಂಜೆ ಅಪಘಾತದ ವಹಿ ತೆರೆದಳು.
ತಪ್ಪು ಯಾರದು ಎಂಬ ಕಾಲಂ ಅದರಲ್ಲಿಲ್ಲ; ಅಂಚಿನಲ್ಲಿ ಬರೆದಳು:
ಇಪ್ಪತ್ತಾರು ವರ್ಷ, ಅವಧಿಗೊಮ್ಮೆ, ನೀರು ಹಾಕಿದೆ.
ತಲೆಯಲ್ಲಿ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.
ವಿಲೇವಾರಿಗೆ ಹಣ ಕೇಳಿದ ನಾಲ್ಕು ಪತ್ರಗಳ ನಕಲು ಕಡತದಲ್ಲಿದ್ದವು.
ಅವನ್ನೂ ಲಗತ್ತಿಸು ಅಂದೆ.
"ಅದು ಬೇರೆ ವಿಷಯ" ಅಂದಳು.

ಈಗ ದಿನಾ ನಾಲ್ಕರ ಮೇಲೆ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ.
ಮೂರನೇ ಮೇಜಿನ ಗ್ಯಾಸಿನ ತಿರುಪು ಉಲ್ಟಾ.
ಪ್ರೊಥೆರೋ ಮೇಷ್ಟ್ರು ರಕ್ಷಣೆಯ ಕನ್ನಡಕ ಮರೆಯುತ್ತಾರೆ,
ಇನ್ನೊಂದನ್ನು ಮೊಳೆಗೆ ತೂಗುಹಾಕಿರು.
ಎಂಟನೇ ತರಗತಿಯ ಲೋರಿಗೆ ರಬ್ಬರ್ ಕೈಗವಸು ಆಗದು,
ಅವಳಾಗಿ ಹೇಳಳು, ನಾಚಿಕೆ.
"ಇನ್ನೂ ಇದೆಯಾ?"
ಊರುಗೋಲಿನಿಂದ ಕಪಾಟಿನ ಖಾಲಿ ಮೂಲೆ ತೋರಿಸುತ್ತಾಳೆ.
ಧೂಳಿನಲ್ಲಿ ಸೀಸೆಯ ತಳದ ದುಂಡು ಗುರುತು.
"ಅಲ್ಲಿ ಏನೂ ಇಡಬಾರದು ಅಂತ ಬರೆ.
ಬೇಡ, ಹೊಡೆದುಹಾಕು. ಜಾಗ ಬೇಕಾಗುತ್ತದೆ.
ಒರೆಸಲಾಯಿತು ಅಂತ ಬರೆ. ತಾರೀಖು ಹಾಕು.
ಆಮೇಲೆ ಒರೆಸಬೇಡ, ಮೊದಲು ಒರೆಸು."