ನೀಲಿ ಸಾಲ್ಮನ್

ಮೊದಲು ವಿಚಿತ್ರ ಅನ್ನಿಸಿದ್ದು ಕೈಗವಸು.
ನಿನ್ನೆಯ ಪಾಳಿಯಲ್ಲಿ ತೆಗೆದ ಚಿತ್ರ;
ಪರದೆಯ ಅಂಚಿನಿಂದ ಕಿತ್ತಳೆ ಗವಸು ತೊಟ್ಟ ಕೈಯೊಂದು ಚಾಚಿ
ಮೀನಿನ ಹೋಳನ್ನು ನೇರ ಮಾಡುತ್ತಿದೆ.
ಈ ಕಾರ್ಖಾನೆಯಲ್ಲಿ ಯಾರಿಗೂ ಕಿತ್ತಳೆ ಗವಸು ಕೊಟ್ಟಿಲ್ಲವಲ್ಲ
ಎಂದು ಯಾಸ್ನಾ ಒಯಾರ್ಸೂನ್‌ಗೆ ಹೊಳೆಯುವಷ್ಟರಲ್ಲಿ
ಚಿತ್ರ ಪೂರ್ತಿ ಇಳಿಯಿತು.
ಹೋಳು ನೀಲಿ.
ಶಾಯಿ ದೌತಿಯಲ್ಲಿ ಈಜಿ ಬಂದಷ್ಟು ನೀಲಿ.

ಚಿಲೋಯೆ ದ್ವೀಪದ ತೆಂಕಣ ತುದಿ, ಕೆಯ್ಯೋನ್ ಬಂದರು.
ಜುಲೈ, ಅಂದರೆ ಅಲ್ಲಿ ಚಳಿಗಾಲ,
ಬೆಳಗಿನ ಎಂಟಕ್ಕೂ ಕಿಟಕಿಯಾಚೆ ಕತ್ತಲು.
ಹಿಂದೆ ನಿಂತಿದ್ದರು ಎದೆಲ್ಮಿರಾ ವೆಂಚೂರ್,
ಬೀಸಣಿಗೆಯಂತೆ ಬಿಚ್ಚುವ ಬಣ್ಣದ ಪಟ್ಟಿಗಳನ್ನು
ಮಾಂಸದ ಪಕ್ಕ ಹಿಡಿದು
ಇಪ್ಪತ್ತೇಳು! ಇಪ್ಪತ್ತೆಂಟು! ಎಂದು
ಇಪ್ಪತ್ತಾರು ವರ್ಷ ಕೆಂಪಿನ ದರ್ಜೆ ಕೂಗಿದವರು.
ಯಂತ್ರಕ್ಕೆ ಅದನ್ನು ಕಲಿಸಲು ಅವರನ್ನೇ ಕರೆಸಿದ್ದಾರೆ.
"ಇದು ಯಾವ ಸಮುದ್ರದ್ದೇ, ಹುಡುಗಿ?"

ಕ್ಯಾಮೆರಾ ಕಡೆಯ ಲೈಬ್ರರಿ ನೀಲಿಯಿಂದ ಎಣಿಸುತ್ತದೆ,
ನೀಲಿ, ಹಸಿರು, ಕೆಂಪು.
ಚಿತ್ರ ತೋರಿಸುವ ಲೈಬ್ರರಿ ಕೆಂಪಿನಿಂದ.
ಯಾಕೆಂದರೆ,
ಯಾವತ್ತೋ ಯಾರೋ ಹಾಗೆ ಬರೆದರು, ಅಷ್ಟೆ.
ಬರೆದವರು ನಿವೃತ್ತರು,
ಆ ಕ್ರಮ ಇನ್ನೂ ಕೆಲಸದಲ್ಲಿದೆ.

ನಮ್ಮ ಮಾತಾಗಿದ್ದರೆ,
ಬೆಕ್ಕು ಮೀನನ್ನು ತಿಂದಿತು,
ಮೀನನ್ನು ತಿಂದಿತು ಬೆಕ್ಕು,
ತಿಂದಿತು ಬೆಕ್ಕು ಮೀನನ್ನು:
ಹೇಗೆ ನಿಲ್ಲಿಸಿದರೂ ಸತ್ತದ್ದು ಮೀನೇ.
ಬಾಲಕ್ಕೊಂದು ಪ್ರತ್ಯಯ ಕಟ್ಟಿಕೊಂಡ ಪದ
ಜಾತ್ರೆಯಲ್ಲಿ ತಪ್ಪಿಸಿಕೊಂಡರೂ
ಅಪ್ಪನ ಹೆಸರು ಹೇಳುವ ಜಾಣ ಮಗು.
ಈ ಅಂಕಿಗಳಿಗೆ ವಿಭಕ್ತಿಯಿಲ್ಲ.
ತೊಂಬತ್ತೆಂಟು, ನೂರ ಹತ್ತು, ಇನ್ನೂರ ಮೂವತ್ತು:
ಯಾರು ಕೆಂಪು ಯಾರು ನೀಲಿ
ನಿಂತ ಜಾಗವೇ ಹೇಳಬೇಕು.

ಯಾಸ್ನಾ ಸಾಲು ತಿರುಗಿಸಿದಳು, ಮೊದಲಿನದು ಕೊನೆಗೆ.
ಮೀನು ಕೆಂಪಾಯಿತು, ಕೈಗವಸು ನೀಲಿಯಾಯಿತು.
ಆದರೆ ದರ್ಜೆ ಹೇಳುವ ಮೂರನೆಯ ಲೈಬ್ರರಿ
ಮುಖ ಸಿಂಡರಿಸಿತು.
ಅದಕ್ಕೆ ಕೆಂಪಿನ ಹಾಳೆ ಪೂರ್ತಿ ಮೊದಲು,
ಆಮೇಲೆ ಹಸಿರಿನದು, ಆಮೇಲೆ ನೀಲಿಯದು;
ಕಲಸಿದ್ದು ಬೇಡ, ಅನ್ನ ಬೇರೆ ಸಾರು ಬೇರೆ ಬಡಿಸಿ
ಎನ್ನುವ ಬೀಗರು.
ಇನ್ನೂರೈವತ್ತೈದರ ಭಾರವೂ ಆಗದು,
ಎಲ್ಲ ಸೊನ್ನೆಗೂ ಒಂದಕ್ಕೂ ನಡುವೆ ಅರೆದು ಕೊಡಬೇಕು.
ಕೊಟ್ಟಳು. ಉಂಡಿತು.
ಮರಳಿ ಚಿತ್ರ ಮಾಡುವಾಗ ಗುಣಿಸಲು ಮರೆತಳು;
ಭಿನ್ನರಾಶಿಗಳೆಲ್ಲ ಸೊನ್ನೆಗೆ ಉದುರಿ
ಪರದೆ ತುಂಬ ಕಪ್ಪು.

"ಇದು ಪರವಾಗಿಲ್ಲ," ಎಂದರು ಎದೆಲ್ಮಿರಾ,
"ರಾತ್ರಿ ಪಾಳಿಯ ಮೀನು."

ಆಮೇಲೆ ಕುರ್ಚಿ ಎಳೆದು ಕೂತು ಹೇಳಿದರು:
ಮಾರ್ಚ್‌ನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದು,
ಎಡಗಣ್ಣಿಗೆ ಸರದಿ ಇನ್ನೂ ಬಂದಿಲ್ಲ.
"ಬಲಗಣ್ಣಿಗೆ ಸಮುದ್ರ ಹೊಸದಾಗಿ ಬಣ್ಣ ಬಳಿದ ದೋಣಿ.
ಎಡಗಣ್ಣಿಗೆ ಆರಿದ ಚಹಾ.
ದರ್ಜೆ ಕೂಗುವಾಗ ಒಂದನ್ನು ಮುಚ್ಚುತ್ತೇನೆ.
ಯಾವುದನ್ನು ಅಂತ ಮೇಸ್ತ್ರಿಗೂ ಹೇಳಿಲ್ಲ."
ಯಾಸ್ನಾಳೂ ಕೇಳಲಿಲ್ಲ.
ಅವರು ಬರೆದುಕೊಟ್ಟ ನಾಲ್ಕು ಸಾವಿರ ದರ್ಜೆಗಳು
ಯಂತ್ರದ ಹೊಟ್ಟೆ ಸೇರಿ ವಾರವಾಗಿತ್ತು.

"ಆ ನೀಲಿ ಮೀನು ಕೊಡು, ಮೊಮ್ಮಗಳಿಗೆ."

ಹಳೆಯ ಅಂಕಿಗಳನ್ನೇ ಹುಡುಕಿ
ಕ್ಯಾಮೆರಾ ಕಡೆಯ ಲೈಬ್ರರಿಗೆ ಉಳಿಸು ಎಂದಳು.
ತೆರೆದರೆ ಕೆಂಪು.
ಇನ್ನೊಮ್ಮೆ. ಕೆಂಪೇ.
ಅದರ ಲೆಕ್ಕದಲ್ಲಿ ಆ ಮೀನು
ಎಂದೂ ನೀಲಿಯಾಗಿರಲೇ ಇಲ್ಲ.
ಅಕಸ್ಮಾತ್ ಆದದ್ದನ್ನು ಇಟ್ಟುಕೊಳ್ಳಬೇಕಾದರೆ
ಬೇಕೆಂದೇ ತಪ್ಪಬೇಕು.
ತಿರುಗಿಸಿ, ತಿರುಗಿಸಿದ್ದನ್ನು ಹೇಳದೆ ಉಳಿಸಿದಳು.

ಮುದ್ರಣ ಯಂತ್ರದಿಂದ ಬೆಚ್ಚಗೆ ಬಂತು ನೀಲಿ ಮೀನು,
ಪಕ್ಕದಲ್ಲಿ ಕಿತ್ತಳೆ ಕೈ.
ಎದೆಲ್ಮಿರಾ ಎಡಗಣ್ಣು ಮುಚ್ಚಿ ನೋಡಿದರು,
ಆಮೇಲೆ ಬಲಗಣ್ಣು.
"ಈ ಕೈ ನನ್ನದು," ಎಂದರು.